ಮಗಳು ಹಾಸ್ಟೆಲ್‌ಗೆ ಹೋದಳು, ಮೇಡಂ

ಮಗಳನ್ನು ಪಿಯುಸಿಗೆ ಮಂಗಳೂರಿನ ಹಾಸ್ಟೆಲ್‌ಗೆ ಬಿಟ್ಟು ಬಂದೆವು. ಜೂನ್ ತಿಂಗಳು, ಜೋರು ಮಳೆ. ಘಾಟಿ ಇಳಿಯುವಾಗ ಕಿಟಕಿ ಪಕ್ಕ ಕೂತು ಚಕ್ಕುಲಿ ತಿನ್ನುತ್ತಿದ್ದಳು. ಹಿಂದೆ ಗುಡ್ಡ ಕುಸಿದಿದ್ದ ಜೋಡುಪಾಲ ದಾಟುವಾಗಲೂ ತಿನ್ನುತ್ತಲೇ ಇದ್ದಳು. ನಮ್ಮನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಮನೆ ಹೋಯಿತು, ಆ ಕಥೆ ಮತ್ತೆ ಬರೆಯಲ್ಲ. ಕೊಡಗಿನವರು ಯಾರೂ ಮರೆತಿಲ್ಲ. ಇದು ಆಮೇಲಿನ ವರ್ಷಗಳ ಬಗ್ಗೆ. ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕ್ಬೇಡ, ಬಾಕಿ ಏನು ಬೇಕಾದ್ರೂ ಬರಿ" ಅಂದಳು.

ಶಿಬಿರದಲ್ಲಿ ಅನ್ನ ಬಡಿಸಿದವರಿಗೆ, ಬಾಡಿಗೆ ಮನೆ ಹುಡುಕಿಕೊಟ್ಟ ಭಾವನವರಿಗೆ, ಬಾಗಿಲ ಪಕ್ಕದ ಬೆಂಚನ್ನೇ ಅವಳಿಗೆ ಕೊಟ್ಟ ಕ್ಲಾಸ್ ಟೀಚರ್‌ಗೆ, ನಮ್ಮ ಸಾಲದ ಪುಸ್ತಕ ತೆಗೆಯದೇ ಇದ್ದ ಅಂಗಡಿಯವರಿಗೆ ಕೈಮುಗಿಯುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ.

ಉಳಿದದ್ದೆಲ್ಲ ಮಗಳನ್ನು ನೋಡಿದ ಮನಶ್ಶಾಸ್ತ್ರಜ್ಞೆ ಮೇಡಂಗೆ. ಅವರ ಹೆಸರನ್ನೂ ಹಾಕುತ್ತಿಲ್ಲ. ನಮ್ಮದು ಸಣ್ಣ ಊರು. ಅವರು ಯಾರು ಅಂತ ಗೊತ್ತಾದರೆ ಅವರ ಮೆಟ್ಟಿಲು ಹತ್ತುವ ಮಕ್ಕಳೂ ಯಾಕೆ ಬಂದರು ಅಂತ ಗೊತ್ತಾಗುತ್ತೆ.

ಆಗ ಅವಳು ನಾಲ್ಕನೇ ಕ್ಲಾಸ್. ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದಳು. ಮಳೆ ಶುರುವಾದರೆ ಸ್ಕೂಲ್ ಬ್ಯಾಗ್ ಹಿಡಿದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಮಕ್ಕಳು ಬೇಗ ಮರೀತಾರೆ ಅಂತ ಎಲ್ಲರೂ ಹೇಳಿದರು. ಅತ್ತೆ ತಾಯತ ಕಟ್ಟಿಸಿದರು. ಮೇಡಂ ಆ ತಾಯತ ಬಿಚ್ಚಿಸಲಿಲ್ಲ. ಯಾರು ಕಟ್ಟಿದ್ದು ಅಂತ ಕೇಳಿದರು, ಮುಂದಿನ ಸಲ ಅತ್ತೆಯನ್ನೂ ಕರ್ಕೊಂಡು ಬನ್ನಿ ಅಂದರು.

ಅವರ ಕೋಣೆಯಲ್ಲಿ ಮರಳು ತುಂಬಿದ ಒಂದು ಟ್ರೇ ಇತ್ತು. ಪಕ್ಕದಲ್ಲಿ ಪುಟ್ಟ ಮನೆ, ಮರ, ದನ, ಜೀಪು, ಗೊಂಬೆಗಳು. ಮಗಳು ಪ್ರತಿ ವಾರ ಮನೆ ಇಟ್ಟು ಅದರ ಮೇಲೆ ಮರಳು ಸುರಿಯುತ್ತಿದ್ದಳು. ಅಷ್ಟೇ. ನನಗೆ ನೋಡಲು ಆಗುತ್ತಿರಲಿಲ್ಲ. ಇದಕ್ಕೂ ದುಡ್ಡಾ ಅಂತ ಇವರು ಗೊಣಗಿದರು. ಬಾಯಲ್ಲಿ ಹೇಳಲಾಗದ್ದನ್ನು ಮಕ್ಕಳು ಆಟದಲ್ಲಿ ಹೇಳ್ತಾರೆ, ಸ್ವಲ್ಪ ಕಾಯೋಣ ಅಂದರು ಮೇಡಂ. ಆಟ ಅಲ್ಲೇ ಸಿಕ್ಕಿಹಾಕಿಕೊಂಡರೆ ಆಗ ತಾವು ಕೈ ಹಾಕುವುದಾಗಿಯೂ ಹೇಳಿದರು. ಹಾಗೆ ಒಂದು ದಿನ ಕೇಳಿದರು: "ಈ ಜೀಪು ಯಾವಾಗ ಬರುತ್ತೆ?" ಮಗಳು ತುಂಬಾ ಹೊತ್ತು ಯೋಚಿಸಿ ಜೀಪನ್ನು ಮನೆ ಹತ್ತಿರ ತಂದಳು. ಅವತ್ತಿನಿಂದ ಮರಳಿನೊಳಗಿದ್ದ ಗೊಂಬೆಗಳು ಒಂದೊಂದಾಗಿ ಹೊರಗೆ ಬರತೊಡಗಿದವು.

ಆದರೆ 2019ರ ಆಗಸ್ಟ್‌ನ ಆ ರಾತ್ರಿ ಬಗ್ಗೆ ಹೇಳಲೇಬೇಕು. ಮತ್ತೆ ಗುಡ್ಡದ ಬರೆ ಕುಸಿದ ಸುದ್ದಿ. ಕರೆಂಟ್ ಇಲ್ಲ. ಇವರು ರಸ್ತೆ ಬಂದ್ ಆಗಿ ಎಲ್ಲೋ ಸಿಕ್ಕಿಕೊಂಡಿದ್ದರು. ಮಗಳು ಉಸಿರು ಎಳೆದುಕೊಳ್ಳಲು ಆಗದೆ ನಡುಗುತ್ತಿದ್ದಳು. ಈಗಾದರೆ 14416ಕ್ಕೆ ಫೋನ್ ಮಾಡಬಹುದು, ಯಾವ ಹೊತ್ತಿನಲ್ಲಾದರೂ, ಕಾಸಿಲ್ಲದೆ. ಆ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂದದ್ದೇ 2022ರಲ್ಲಿ. ನನ್ನ ಹತ್ತಿರ ಇದ್ದದ್ದು ಮೇಡಂ ನಂಬರ್ ಒಂದೇ. ಅಷ್ಟು ಹೊತ್ತಿನಲ್ಲಿ ಫೋನ್ ಎತ್ತಬೇಕು ಅಂತ ಅವರಿಗೇನೂ ಇರಲಿಲ್ಲ. ಎತ್ತಿದರು.

ಹೆದರಬೇಡ ಅನ್ನಲಿಲ್ಲ. "ಹೆದರಿಕೆ ಆಗ್ತಿದೆ ಅಲ್ವಾ? ಪಾದ ನೆಲಕ್ಕೆ ಒತ್ತು. ಕೈಗೆ ಏನೇನು ಸಿಗ್ತಿದೆ ಹೇಳು." ಕಂಬಳಿ. ಗೋಡೆ. ಅಮ್ಮನ ಬಳೆ. ನಾಯಿ ಕಿವಿ. "ಕಿವಿ ಬೆಚ್ಚಗಿದೆಯಾ, ತಣ್ಣಗಿದೆಯಾ?" "ಒದ್ದೆ." ಏನೂ ಆಗಲ್ಲ ಅನ್ನುವ ಭರವಸೆಯನ್ನೂ ಕೊಡಲಿಲ್ಲ. ಮನೆ ಹಿಂದೆ ಗುಡ್ಡ ಇದೆಯಾ ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. ಅದನ್ನೇ ಮಗುವಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿ ಅಂದರು. ಲೈನ್ ಕಟ್ ಆದಾಗಲೆಲ್ಲ ಅವರೇ ತಿರುಗಿ ಫೋನ್ ಮಾಡಿದರು.

ಮಗಳಿಗೆ ನಿದ್ದೆ ಹತ್ತಿದ ಮೇಲೆ ಇಡ್ತಾರೆ ಅಂದುಕೊಂಡೆ. "ಈಗ ನೀವು ಹೇಳಿ, ನಿಮಗೆ ಹೇಗಿದೆ?" ಅಂದರು. ಅಷ್ಟೊಂದು ಜನ ಬಂದು ಹೋಗಿದ್ದರು, ಯಾರೂ ಇದನ್ನು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಒಂದು ವರ್ಷದ್ದೆಲ್ಲ ಒಟ್ಟಿಗೇ ಬಂತು. ಆ ಕಡೆಯಿಂದ ಮಾತೇ ಇಲ್ಲ. ಇದ್ದೀರಾ ಅಂತ ಕೇಳಿದೆ. "ಇದ್ದೇನೆ." ಬೆಳಕು ಹರಿಯುವವರೆಗೂ ಇದ್ದರು.

ಇರಲಿ. ಆಮೇಲಿನದು ನಿಧಾನದ ಕೆಲಸ. ಮೊಬೈಲ್‌ನಲ್ಲಿ ಮಳೆ ಸದ್ದು ಸಣ್ಣಗೆ, ಮತ್ತೆ ಸ್ವಲ್ಪ ಜಾಸ್ತಿ. ಜಗಲಿಯಲ್ಲಿ ಕೂತು ತುಂತುರು ನೋಡುವುದು. ಕೊಡೆ ಹಿಡಿದು ಅಂಗಡಿವರೆಗೆ ಹೋಗುವುದು. ನಡೆದದ್ದನ್ನು ಅವಳದೇ ಮಾತಿನಲ್ಲಿ ನೋಟ್‌ಬುಕ್‌ನಲ್ಲಿ ಬರೆಸಿ ನಮಗೆ ಓದಿಸಿದರು. ಮಾತ್ರೆ ಕೊಡುವುದು ನನ್ನ ಕೆಲಸ ಅಲ್ಲ ಅಂತ, ನಿದ್ದೆ ತೀರಾ ಕೆಟ್ಟಾಗ ಮನೋವೈದ್ಯರ ಹತ್ತಿರ ಕಳಿಸಿದರು. ತಮ್ಮ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯನ್ನು ಕೇಳುವ ಮೊದಲೇ ತೋರಿಸಿದ್ದರು. ಒಂದೇ ಸಿಟ್ಟಿಂಗ್‌ನಲ್ಲಿ ಭಯ ಓಡಿಸ್ತೀವಿ ಅಂತ ಬೋರ್ಡ್ ಹಾಕುವವರ ಹತ್ತಿರ ಹೋಗುವ ಮೊದಲು ಇದೊಂದು ಕೇಳಿ ನೋಡಿ.

ಇನ್ನೊಂದು ಬಿಟ್ಟೆ. ಮನೆಯವರೆಲ್ಲ ಸೇರಿ ಹಳೆ ಮನೆಯ ನಕ್ಷೆ ಬಿಡಿಸಿ ಅಂತ ಮೇಡಂ ಅಂದಿದ್ದರು. ಹಂಡೆ ಒಲೆ ಯಾವ ಮೂಲೆಯಲ್ಲಿತ್ತು ಅಂತ ಅತ್ತೆಗೂ ಇವರಿಗೂ ಜಗಳವೇ ಆಯಿತು. ಮನೆ ಹೋದ ಮೇಲೆ ಅದರ ಬಗ್ಗೆ ಇವರು ಬಾಯಿ ಬಿಟ್ಟದ್ದು ಅವತ್ತೇ. ಇದಕ್ಕೂ ದುಡ್ಡಾ ಅಂತ ಆಮೇಲೆ ಕೇಳಲಿಲ್ಲ.

ಮೇಡಂ, ಕಾಫಿ ಪುಡಿ ಕೊಟ್ಟರೆ ಬೇಡ ಅಂತೀರಿ. ಕಿತ್ತಳೆ ತಂದರೆ ಹೊರಗೆ ಕೂತ ಮಕ್ಕಳಿಗೆ ಹಂಚಿಸ್ತೀರಿ. ಬರೆದದ್ದನ್ನು ವಾಪಸ್ ಕೊಡಲು ಆಗಲ್ಲ ಅಲ್ವಾ, ಅದಕ್ಕೇ ಬರೆದೆ.