ಅಡುಗೆಮನೆ ರಿಪೇರಿ: ಭಾನುವಾರ ಅಳತೆಗೆ ಬರ್ತಾರೆ

ಎಲ್ಲರಿಗೂ ನಮಸ್ಕಾರ 🙏 ಮಳೆ ಹಿಡಿಯೋ ಮುಂಚೆ ಅಡುಗೆಮನೆ ಸರಿ ಮಾಡಿಸ್ಬೇಕು ಅಂತ ಹೆಸರು ಕೊಟ್ಟಿರೋ ಮನೆಯವ್ರು ಗಮನಿಸಿ, ಬರೋ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕುಶಾಲನಗರದಿಂದ ಮೇಸ್ತ್ರಿ, ಕಾರ್ಪೆಂಟರ್ ಇಬ್ರೂ ಬರ್ತಾರೆ, ದಿನಾ ಅಡುಗೆ ಮಾಡೋರು ಮನೇಲಿ ಇರ್ಲೇಬೇಕು, ಕಟ್ಟೆ ಎತ್ತರ ಅವರ ಮೊಣಕೈ ನೋಡ್ಕೊಂಡೇ ಇಡೋದು, ಮೊಣಕೈಗಿಂತ 4 ಇಂಚು ಕೆಳಗಿದ್ರೆ ಬಗ್ಗಿ ನಿಲ್ಲೋದು ತಪ್ಪುತ್ತೆ.

ಅಷ್ಟರೊಳಗೆ ಸಿಂಕ್ ಕೆಳಗಿನ ಸಾಮಾನು ತೆಗೆದು ಗೋಡೆ ಮುಟ್ಟಿ ನೋಡಿ. ಒದ್ದೆ ಇದ್ರೆ ಫೋಟೋ ಹಾಕಿ, ಲೀಕ್ ನಿಲ್ಲಿಸ್ದೆ ಟೈಲ್ಸ್ ಹಾಕಿದ್ರೆ ದುಡ್ಡು ದಂಡ. ಸಿಂಕ್ ಜಾಗ ಬದಲಾಯಿಸ್ಬೇಡಿ, ಪೈಪ್ ಖರ್ಚು ಉಳಿಯುತ್ತೆ.

ಕಟ್ಟೆ ಕೆಳಗಿನ ಕಪಾಟಿಗೆ ಅಗ್ಗದ ಪ್ಲೈವುಡ್ ಮಾತ್ರ ದಯವಿಟ್ಟು ಬೇಡ. ನಮ್ ಮಡಿಕೇರಿ ಜುಲೈ ಥಂಡಿಗೆ ಅಂಚು ಉಬ್ಬಿ ಬಾಗ್ಲೇ ಮುಚ್ಚಲ್ಲ, ಒಳಗೆಲ್ಲಾ ಬೂಷ್ಟು, ಪಾತ್ರೆ ತಳಕ್ಕೂ ಹಿಡಿಯುತ್ತೆ. ಒಳಗೆ ಕಡಪ ಕಲ್ಲು, ಹೊರಗೆ ಅಲ್ಯೂಮಿನಿಯಂ ಬಾಗ್ಲು ಸಾಕು. ಸೌದೆ ಒಲೆ ಗಟ್ಟಿ ಇದ್ರೆ ಕೆಡವಬೇಡಿ, ಮಳೆಗಾಲಕ್ಕೆ ಬೇಕೇ ಬೇಕು.

ಸಾಮಾನು ಎಲ್ರದ್ದೂ ಒಂದೇ ಪಿಕಪ್‌ನಲ್ಲಿ ತರಿಸಿ ಬಾಡಿಗೆ ಹಂಚ್ಕೊಳ್ಳೋಣ. ಯಾರಿಗೆ ಏನು ಬೇಕು, ಎಷ್ಟು ದುಡ್ಡಿನೊಳಗೆ ಆಗ್ಬೇಕು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೀರಿ, ಬರೀ ಥಂಬ್ಸ್ ಅಪ್ ಹಾಕಿದ್ರೆ ಲೆಕ್ಕ ಸಿಗಲ್ಲ.