ತುತೂರಿಗೂ ಮೊದಲು ಅರ್ಧ ಗಂಟೆ

ಪ್ರೀತಿಯ ಅಕ್ಕನಿಗೆ,

ಕರ್ತನಿಗೆ ಸ್ತೋತ್ರ. ಭಾವನವರಿಗೂ ಅಮ್ಮನಿಗೂ ನನ್ನ ವಂದನೆ ತಿಳಿಸು. ಕೂಟದಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥ ಓದಲು ಶುರುಮಾಡಿದ್ದೀರಿ, 13ನೇ ಅಧ್ಯಾಯಕ್ಕೆ ಬಂದಮೇಲೆ ಮೃಗದ ಸಂಖ್ಯೆ 666ರ ಮಾತೇ ಉಳಿದೆಲ್ಲವನ್ನೂ ನುಂಗಿಬಿಟ್ಟಿದೆ, ಅಮ್ಮನಿಗೆ ಹೆದರಿಕೆ ಹತ್ತಿದೆ ಎಂದು ಬರೆದಿದ್ದೀಯ. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಬೈಬಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಈ ಕಾಗದ ಓದು.

ಎಡವಟ್ಟು ಆಗುವುದು ಮೊದಲ ಹೆಜ್ಜೆಯಲ್ಲೇ. ವಾರಕ್ಕೆ ನಾಲ್ಕು ವಚನದಂತೆ ಬಿಡಿಸುತ್ತಾ ಹೋದರೆ ಒಂದೊಂದು ಮೃಗವೂ ಬಿಡಿ ಒಗಟಾಗಿ ಕಾಣುತ್ತದೆ. ಆದರೆ 1:3 (ಒಂದನೇ ಅಧ್ಯಾಯ, ಮೂರನೇ ವಚನ) ನೋಡು: ಓದುವವನು ಒಬ್ಬ, ಕೇಳುವವರು ಹಲವರು. ಇದು ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಯೋಹಾನನು ಪತ್ಮೊಸ್ ದ್ವೀಪದಿಂದ ಕಳಿಸಿದ ಪತ್ರ. ಸಭೆಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಲಿ ಎಂದೇ ಬರೆದದ್ದು. 22 ಅಧ್ಯಾಯವನ್ನೂ ಒಂದೇ ಸಲ ಓದಲು ಸುಮಾರು ಒಂದೂವರೆ ಗಂಟೆ ಸಾಕು. ಒಬ್ಬರ ಗಂಟಲು ಸೋತರೆ ಇನ್ನೊಬ್ಬರು ಮುಂದುವರಿಸಲಿ. ಅರ್ಥ ಕೇಳುವುದು, ಟಿಪ್ಪಣಿ ಬರೆಯುವುದು ಎಲ್ಲ ಆಮೇಲೆ.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ಗ್ರಂಥವೇ ತನ್ನ ಗುರುತುಗಳಿಗೆ ಅರ್ಥ ಕೊಟ್ಟಿರುವ ಕಡೆಯೆಲ್ಲ ಗೆರೆ ಎಳೆಯಿರಿ. ಏಳು ದೀಪಸ್ತಂಭಗಳೆಂದರೆ ಏಳು ಸಭೆಗಳು (1:20). ಧೂಪವೆಂದರೆ ದೇವಜನರ ಪ್ರಾರ್ಥನೆಗಳು (5:8). ಘಟಸರ್ಪವೆಂದರೆ ಸೈತಾನ (12:9). ನೀರೆಂದರೆ ಜನಾಂಗಗಳು (17:15). ನಾರುಮಡಿಯೆಂದರೆ ದೇವಜನರ ನೀತಿಕಾರ್ಯಗಳು (19:8). ಇಂಥ ಬೀಗದಕೈ ಸಿಕ್ಕ ಕಡೆ ಬೇರೆ ಅರ್ಥ ಹುಡುಕಲು ಹೋಗಬಾರದು. ಸಿಗದ ಕಡೆ ಹಳೆ ಒಡಂಬಡಿಕೆಗೆ ಹಿಂತಿರುಗಬೇಕು. 13ನೇ ಅಧ್ಯಾಯದ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ. ದಾನಿಯೇಲ 7ರಲ್ಲಿ ಇವು ಬೇರೆಬೇರೆ ಮೃಗಗಳಾಗಿದ್ದವು, ಅಲ್ಲಿ ಅವುಗಳ ಅರ್ಥ ರಾಜರು, ರಾಜ್ಯಗಳು ಎಂದೂ ಹೇಳಿದೆ. ಆ ಹಳೆಯ ಕ್ರೌರ್ಯವೆಲ್ಲ ಒಂದೇ ಮೈಯಲ್ಲಿ ಕೂಡಿಕೊಂಡಿದೆ ಎಂದು ಯೋಹಾನನು ತೋರಿಸುತ್ತಿದ್ದಾನೆ. ದಿನಪತ್ರಿಕೆಯ ಸುದ್ದಿಯಿಂದ ಶುರುಮಾಡಿ ಹಿಂದಕ್ಕೆ ಓದುವವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಜಾಡೂ ಇದೆ, ನನಗೆ ಬಹಳ ಇಷ್ಟವಾದದ್ದು. ಯೋಹಾನನು ಕೇಳಿದ್ದೇ ಬೇರೆ, ತಿರುಗಿ ನೋಡಿದಾಗ ಕಂಡದ್ದೇ ಬೇರೆ. ಯೂದ ಕುಲದ ಸಿಂಹ ಎಂದು ಕೇಳುತ್ತಾನೆ, ನೋಡಿದರೆ ಕೊಯ್ಯಲ್ಪಟ್ಟಂತಿದ್ದ ಕುರಿಮರಿ, ಅಂದರೆ ಯೇಸು, ನಿಂತಿದೆ (5:5-6). 1,44,000 ಎಂಬ ಲೆಕ್ಕ ಕೇಳುತ್ತಾನೆ, ನೋಡಿದರೆ ಯಾರಿಂದಲೂ ಎಣಿಸಲಾಗದ ಮಹಾ ಸಮೂಹ (7:4, 7:9). ಆ ಸಂಖ್ಯೆ 12 ಗುಣಿಸು 12 ಗುಣಿಸು 1,000. ಪರಲೋಕದಲ್ಲಿ ಅಷ್ಟೇ ಸೀಟು ಎಂದು ಯಾರಾದರೂ ಕೂಟದಲ್ಲಿ ಹೇಳಿದರೆ ಒಂಬತ್ತನೇ ವಚನವನ್ನೂ ಅವರ ಕೈಯಲ್ಲೇ ಓದಿಸು.

ಈಗ 666. ಅದು ಒಬ್ಬ ಮನುಷ್ಯನನ್ನು ಸೂಚಿಸುವ ಸಂಖ್ಯೆ ಎಂದು 13:18 ಹೇಳುತ್ತದೆ. ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳೇ ಅಂಕಿಗಳಾಗಿಯೂ ಬಳಕೆಯಾಗುತ್ತಿದ್ದವು, ಹಾಗಾಗಿ ಪ್ರತಿ ಹೆಸರಿಗೂ ಒಂದು ಮೊತ್ತ ಇರುತ್ತಿತ್ತು. 'ನೆರೋನ್ ಕೈಸರ' ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸು: ನೂನ್ 50, ರೇಶ್ 200, ವಾವ್ 6, ನೂನ್ 50; ಕೋಫ್ 100, ಸಾಮೆಖ್ 60, ರೇಶ್ 200. ಮೊತ್ತ 666. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದಿದೆ. ಹೆಸರನ್ನು ಲ್ಯಾಟಿನ್ ರೀತಿಯಲ್ಲಿ 'ನೆರೋ' ಎಂದು ಬರೆದರೆ ಕೊನೆಯ ನೂನ್ ಬಿದ್ದುಹೋಗಿ ಸರಿಯಾಗಿ 50 ಕಡಿಮೆಯಾಗುತ್ತದೆ. ಅದಕ್ಕೇ ಹಲವು ಪಂಡಿತರು ರೋಮಿನ ನೀರೋ ಚಕ್ರವರ್ತಿಯ ಕಡೆಗೆ ಬೆರಳು ತೋರಿಸುತ್ತಾರೆ. ಎಲ್ಲರೂ ಒಪ್ಪಿಲ್ಲ. ಎರಡನೇ ಶತಮಾನದ ಬಿಷಪ್ ಐರೇನಿಯಸ್ ಬೇರೆ ಕೆಲವು ಹೆಸರುಗಳನ್ನು ಕೂಡಿಸಿ ನೋಡಿ, ಇಂಥವನೇ ಎಂದು ಖಂಡಿತವಾಗಿ ಹೇಳಿಬಿಡುವುದು ಅಪಾಯ ಎಂದು ಎಚ್ಚರಿಸಿದ್ದ. ಯಾರದೋ ಹೆಸರನ್ನು ಅಕ್ಷರ ತಿರುಚಿ 666ಕ್ಕೆ ತಂದು ನಿಲ್ಲಿಸುವುದು ಎಷ್ಟು ಸುಲಭವೆಂದು ಒಮ್ಮೆ ಮಾಡಿ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಅಮ್ಮನಿಗೆ ಮುಖ್ಯವಾಗಿ ತೋರಿಸಬೇಕಾದದ್ದು ಇದರ ಮುಂದಿನ ವಚನ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಮೂಲ ಪತ್ರದಲ್ಲಿ ಅಂಥದ್ದು ಇರಲಿಲ್ಲ. 13:18ರಲ್ಲಿ ನಿಲ್ಲದೆ 14:1ಕ್ಕೆ ಹೋದರೆ, ಕುರಿಮರಿಯ ಜೊತೆ ನಿಂತವರ ಹಣೆಯ ಮೇಲೆ ತಂದೆಯ ಹೆಸರು ಬರೆದಿದೆ. 13:16-17ರಲ್ಲಿ ಬಲಗೈಗೋ ಹಣೆಗೋ ಹಾಕಿಸುವ, ಅದಿಲ್ಲದವರು ಕೊಳ್ಳಲೂ ಮಾರಲೂ ಆಗದ ಮೃಗದ ಗುರುತು ಇದರ ನಕಲು. ದೇವರ ಮಾತನ್ನು ಕೈಗೂ ಹಣೆಗೂ ಕಟ್ಟಿಕೊಳ್ಳಿ ಎಂದು ಧರ್ಮೋಪದೇಶಕಾಂಡ 6:8ರಲ್ಲಿ ಇದೆ. ಮಹಾಯಾಜಕನ ಹಣೆಯ ಚಿನ್ನದ ಪಟ್ಟಿಯ ಮೇಲೆ 'ಯೆಹೋವನಿಗೆ ಮೀಸಲು' ಎಂದು ಕೆತ್ತಿತ್ತು (ವಿಮೋಚನಕಾಂಡ 28:36). ಹಾಗಾದರೆ ಪ್ರಶ್ನೆ ಯಾವ ಕಾರ್ಡು, ಯಾವ ಚಿಪ್ಪು ಎಂಬುದಲ್ಲ, ನೀನು ಯಾರಿಗೆ ಮೀಸಲು ಎಂಬುದು. ತಿಳಿಯದೆ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದುಬಿಡುವ ಮುದ್ರೆ ಇದಲ್ಲ. 13:15ರಲ್ಲಿ ಅದರ ಜೊತೆಗೇ ಆರಾಧನೆಯ ಮಾತು ಬರುತ್ತದೆ.

ಕರ್ತನು ಮತ್ತೆ ಬರುವ ದಿನಾಂಕ ಲೆಕ್ಕ ಹಾಕುವವರ ಬಗ್ಗೆಯೂ ಕೇಳಿದ್ದೀಯ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ 1843ರ ಸುಮಾರಿಗೆ ಬಂದ. ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷ ಇಲ್ಲ ಎಂದು ನೆನಪಾದಾಗ ಲೆಕ್ಕ 1844ಕ್ಕೆ ಜಾರಿತು. ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ಗೊತ್ತುಮಾಡಿ ಕಾದರು. ಕರ್ತನು ಬರಲಿಲ್ಲ. ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ಅದೇ ಅಧ್ಯಾಯದ 20, 21ನೇ ವಚನಗಳಲ್ಲಿ ಟಗರು ಮೇದ್ಯ-ಪಾರಸಿಯ, ಹೋತ ಗ್ರೀಸ್ ಎಂದು ದೂತನೇ ಬಿಡಿಸಿ ಹೇಳಿರುವಾಗ, ದಿನವನ್ನು ವರ್ಷ ಮಾಡಿ ಆ ದರ್ಶನವನ್ನು 19ನೇ ಶತಮಾನದವರೆಗೆ ಎಳೆದದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿದ್ದನ್ನು ಮೀರಿದ್ದಂತೂ ಸರಿಯೇ.

ಅಂಕಿ ಸಿಕ್ಕಾಗ ಏನು ಮಾಡಬೇಕೆಂದು ದಾನಿಯೇಲನೇ ತೋರಿಸಿದ್ದಾನೆ. 9:2ರಲ್ಲಿ ಅವನು ಯೆರೆಮೀಯನ ಗ್ರಂಥದಲ್ಲಿ ಯೆರೂಸಲೇಮ್ ಹಾಳುಬಿದ್ದಿರುವುದು 70 ವರ್ಷ ಎಂಬ ಲೆಕ್ಕ ಓದುತ್ತಾನೆ. 9:3ರಲ್ಲಿ ಉಪವಾಸ ಕೂತು, ಗೋಣಿತಟ್ಟು ಉಟ್ಟು, ಬೂದಿಯಲ್ಲಿ ದೇವರ ಕಡೆಗೆ ಮುಖ ತಿರುಗಿಸುತ್ತಾನೆ. ಆಮೇಲಿನದು ಉದ್ದದ ಪಾಪನಿವೇದನೆ. 'ಅವರು ಪಾಪ ಮಾಡಿದರು' ಎನ್ನುವುದಿಲ್ಲ, 'ನಾವು ಪಾಪ ಮಾಡಿದೆವು' ಎನ್ನುತ್ತಾನೆ. ಪ್ರವಾದನೆಯ ಅಂಕಿ ಅವನನ್ನು ಮೊಣಕಾಲಿಗೆ ತಂದಿತು.

ದೇವರ ಸಮೀಪ ಎಂಬ ಮಾತಿಗೆ ಈ ಗ್ರಂಥದ ಅತಿ ದೊಡ್ಡ ಗುರುತು 21ನೇ ಅಧ್ಯಾಯದ ಪಟ್ಟಣ, ಪರಲೋಕದಿಂದ ಇಳಿದುಬರುವ ಹೊಸ ಯೆರೂಸಲೇಮ್. ಉದ್ದ, ಅಗಲ, ಎತ್ತರ ಮೂರೂ 12,000 ಸ್ಟೇಡಿಯ, ಅಂದರೆ ಸುಮಾರು 2,200 ಕಿಲೋಮೀಟರ್. ಇದನ್ನು ನಕ್ಷೆಯ ಮೇಲೆ ಇಟ್ಟು ಯಾವ ದೇಶದಲ್ಲಿ ಹಿಡಿಸುತ್ತದೆ ಎಂದು ಅಳೆಯುವವರೂ ಇದ್ದಾರೆ. ಅಳತೆ ಮುಖ್ಯವಲ್ಲ, ಆಕಾರ ಮುಖ್ಯ. ಮೂರು ಕಡೆಯೂ ಸಮ ಇದ್ದ ಕೋಣೆ ಬೈಬಲಿನಲ್ಲಿ ಒಂದಿದೆ: ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳ, 20 ಮೊಳ ಉದ್ದ, 20 ಅಗಲ, 20 ಎತ್ತರ (1 ಅರಸುಗಳು 6:20). ಅಂಥ ಸ್ಥಳಕ್ಕೆ ಮಹಾಯಾಜಕ ಒಬ್ಬನೇ, ವರ್ಷಕ್ಕೆ ಒಂದೇ ದಿನ, ರಕ್ತ ಹಿಡಿದು ಹೋಗಬೇಕಿತ್ತು (ಯಾಜಕಕಾಂಡ 16). ಈಗ ಇಡೀ ಪಟ್ಟಣವೇ ಆ ಕೋಣೆ. ಅದಕ್ಕೇ ಅಲ್ಲಿ ಬೇರೆ ದೇವಾಲಯ ಇಲ್ಲ (21:22). ಎಲ್ಲರ ಹಣೆಯ ಮೇಲೂ ಆತನ ಹೆಸರು, ಎಲ್ಲರೂ ಆತನ ಮುಖ ನೋಡುತ್ತಾರೆ (22:4). ಮತ್ತಾಯ 27:51ರಲ್ಲಿ ದೇವಾಲಯದ ತೆರೆ ಹರಿದದ್ದನ್ನೂ ಇಬ್ರಿಯರಿಗೆ 10:19-22ನ್ನೂ ಇದರ ಪಕ್ಕದಲ್ಲಿಟ್ಟು ಓದಿ. ಮುಂದೆ ಪೂರ್ಣವಾಗಿ ಬರಲಿರುವುದರ ಬಾಗಿಲು ಈಗಲೇ ತೆರೆದಿದೆ ಎಂದು ತಿಳಿಯುತ್ತದೆ.

ಬಾಗಿಲು ಎಂದಾಗ ಏಳು ಸಭೆಗಳಲ್ಲಿ ಕೊನೆಯದಾದ ಲವೊದಿಕೀಯ ನೆನಪಾಗುತ್ತದೆ. ಆ ಸಭೆಗೆ ಕರ್ತನು ಹೇಳಿದ 'ಉಗುರುಬೆಚ್ಚಗೆ' (3:15-16) ಎಂಬುದನ್ನು ಭಕ್ತಿಯ ಕಾವು ಎಂದು ಹೇಳುವುದು ರೂಢಿ. ಹಾಗಾದರೆ ತಣ್ಣಗಿದ್ದರೂ ಆದೀತು ಎಂದು ಕರ್ತನು ಯಾಕೆ ಹೇಳುತ್ತಾನೆ? ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳು, ಕೊಲೊಸ್ಸೆಯ ಕಡೆ ತಣ್ಣೀರು. ಒಂದು ನೋವಿಗೆ, ಒಂದು ದಾಹಕ್ಕೆ. ಲವೊದಿಕೀಯಕ್ಕೆ ಕೊಳವೆಯಲ್ಲಿ ಬರುತ್ತಿದ್ದ ನೀರಿನಲ್ಲಿ ಸುಣ್ಣದ ಅಂಶ ತುಂಬಾ. ಆ ಕೊಳವೆಗಳ ಒಳಗೆ ಕಟ್ಟಿದ ಗಷ್ಟು ಇಂದಿಗೂ ಕಾಣುತ್ತದೆ. ಯಾವುದಕ್ಕೂ ಒದಗದ ನೀರು ಎಂಬುದೇ ದೂರು ಎಂದು ಹಲವು ವ್ಯಾಖ್ಯಾನಕಾರರು ಓದುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಇನ್ನು 3:20, 'ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೇನೆ'. ಹೊರಗಿನವರನ್ನು ಕರೆಯುವಾಗ ನಾವು ಇದನ್ನು ಹೇಳುತ್ತೇವೆ. ಬರೆದಿರುವುದು ಸಭೆಗೆ. ಕರ್ತನು ತನ್ನ ಸಭೆಯ ಹೊಸ್ತಿಲ ಆಚೆ ನಿಂತಿದ್ದಾನೆ, ಒಳಗೆ ಬಂದು ಕೂತು ಊಟ ಮಾಡಲು ಕೇಳುತ್ತಿದ್ದಾನೆ.

ಮುಂದಿನ ಕೂಟಕ್ಕೆ ಒಂದು ಸಲಹೆ. 13 ಸದ್ಯಕ್ಕೆ ಬದಿಗಿರಲಿ, 8:1-5 ಓದಿ. ಕುರಿಮರಿಯ ಕೈಯಲ್ಲಿದ್ದ ಸುರುಳಿಯ ಏಳನೆಯ ಮುದ್ರೆ ಒಡೆದಾಗ ಪರಲೋಕದಲ್ಲಿ ಸುಮಾರು ಅರ್ಧ ಗಂಟೆ ನಿಶ್ಶಬ್ದ. ಆಗ ದೂತನು ಧೂಪದ ಜೊತೆ ದೇವಜನರ ಪ್ರಾರ್ಥನೆಗಳನ್ನು ಸಿಂಹಾಸನದ ಮುಂದೆ ಅರ್ಪಿಸುತ್ತಾನೆ. ದೇವಾಲಯದಲ್ಲೂ ಧೂಪದ ಹೊತ್ತಿನಲ್ಲಿ ಜನ ಹೊರಗೆ ಪ್ರಾರ್ಥನೆ ಮಾಡುತ್ತಿದ್ದರು (ಲೂಕ 1:10). ಓದಿದ ಮೇಲೆ ಯಾರೂ ವಿವರಿಸಬೇಡಿ, ಹಾಡಬೇಡಿ. ಗಡಿಯಾರ ನೋಡಿ ಅರ್ಧ ಗಂಟೆ ಸುಮ್ಮನೆ ಕೂತಿರಿ. ಮೊದಲ ಹತ್ತು ನಿಮಿಷ ಕೆಮ್ಮು, ಕುರ್ಚಿಯ ಸದ್ದು, ಮನೆಗೆಲಸದ ಯೋಚನೆ ಇದ್ದೇ ಇರುತ್ತದೆ. ಅದನ್ನು ಓಡಿಸಲು ಹೋಗದೆ ಒಂದೊಂದನ್ನೂ ಪ್ರಾರ್ಥನೆಯಾಗಿ ಒಪ್ಪಿಸಿ. ತುತೂರಿಗಳು ಆರನೇ ವಚನದಿಂದ ಶುರುವಾಗುತ್ತವೆ. ಅವತ್ತು ಅಲ್ಲಿಗೆ ಹೋಗಬೇಡಿ.

ಅಮ್ಮ ಹೇಗಿದ್ದಾರೆಂದು ಬರೆ.

ನಿನ್ನ ತಮ್ಮ