ಟಿವಿ ನೋಡಿ ಹೆದರಬೇಡಿ

ದಾವೋಸ್, ಸ್ವಿಟ್ಜರ್ಲೆಂಡ್

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಕಾಫಿ ಕೊಯ್ಲಿಗೆ ಆಳು ಸಿಕ್ಕಿದ್ದು ಕೇಳಿ ಸಮಾಧಾನವಾಯಿತು. ಆದರೆ ಟಿವಿಯಲ್ಲಿ ಹಿಮಕುಸಿತ ನೋಡಿದಾಗಿನಿಂದ ಅಪ್ಪನಿಗೆ ನಿದ್ದೆಯಿಲ್ಲ, ಬಿಪಿ ಏರಿದೆ ಅಂತ ಬರೆದಿದ್ದೀಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಭೂಕುಸಿತ ನೋಡಿದವರಿಗೆ ಗುಡ್ಡ ಜಾರಿತು ಅಂದರೆ ಎದೆ ಧಸಕ್ಕೆನ್ನುವುದು ಸಹಜ. ಇಲ್ಲಿನದು ಬೇರೆ. ಅಪ್ಪನಿಗೆ ನಿಧಾನವಾಗಿ ಓದಿ ಹೇಳು.

ನಮ್ಮಲ್ಲಿ ನೀರು ಕುಡಿದು ಮಣ್ಣೇ ಜಾರಿತು. ಇಲ್ಲಿ ಜಾರುವುದು ಹಿಮ. ಚಳಿಗಾಲದ ಶುರುವಿಗೆ ತೆಳ್ಳಗೆ ಬಿದ್ದ ಹಿಮ, ಆಮೇಲೆ ಆಕಾಶ ತಿಳಿಯಾಗಿ ಚಳಿ ಕೊರೆದರೆ, ಹರಳು ಹರಳಾಗಿಬಿಡುತ್ತದೆ. ಹಿಡಿದು ಒತ್ತಿದರೂ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಅದರ ಮೇಲೆ ಗಾಳಿ ಹೊಸ ಹಿಮ ತಂದು ಗಟ್ಟಿ ಪದರ ಹಾಸುತ್ತದೆ. ಆಗ ಒಬ್ಬರು ಸ್ಕೀ ಹಾಕಿಕೊಂಡು ಹೋದರೂ ಸಾಕು, ಅಡಿಯ ಹರಳು ಕುಸಿದು ಮೇಲಿನದೆಲ್ಲ ಒಡೆದು ಹೊರಡುತ್ತದೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲೇ ಇದು ಜಾಸ್ತಿ. ಕಾಲಡಿ 'ಧುಮ್' ಅಂತ ಸದ್ದು ಬಂದರೆ ಅಲ್ಲಿಂದ ಹಿಂದಿರುಗಲೇಬೇಕು. ಜನ ಹಿಮದಲ್ಲಿ ಸಿಕ್ಕಿಬಿದ್ದಾಗ ಹೆಚ್ಚಿನ ಸಲ ಅದನ್ನು ಜಾರಿಸಿದ್ದು ಅವರೇ, ಇಲ್ಲವೇ ಜೊತೆಯವರೇ. ನಾನು ಅಂಥಾ ಜಾಗಕ್ಕೆ ಹೋಗುವುದೇ ಇಲ್ಲ.

ಅಪ್ಪ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಇಂಚು ಅಳೆದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಇಲ್ಲೂ ಹಾಗೇ, ದಿನಾ ಬೆಳಿಗ್ಗೆ ಬಿದ್ದ ಹಿಮ ಅಳೆಯುವವರಿದ್ದಾರೆ. ಹಿಮ ಸಂಶೋಧನಾ ಸಂಸ್ಥೆ ಇರುವುದೂ ಇದೇ ಊರಿನಲ್ಲಿ! ಚಳಿಗಾಲದಲ್ಲಿ ಬೆಳಿಗ್ಗೆ 8ಕ್ಕೆ, ಸಂಜೆ 5ಕ್ಕೆ ಅವರ ಸೂಚನೆ ಬರುತ್ತದೆ, ಅಪಾಯ 1ರಿಂದ 5ರವರೆಗೆ, 5 ಅಂದರೆ ಅತಿ ಹೆಚ್ಚು. ಊರ ಮೇಲಿನ ಗುಡ್ಡದಲ್ಲಿ ಸಾಲು ಸಾಲು ಉಕ್ಕಿನ ತಡೆಬೇಲಿ, ಹಿಮ ಹೊರಡುವ ಜಾಗದಲ್ಲೇ ಹಿಡಿದು ನಿಲ್ಲಿಸುವುದಕ್ಕೆ. ಇಷ್ಟು ಅಚ್ಚುಕಟ್ಟು ನಾನು ಬೇರೆಲ್ಲೂ ನೋಡಿಲ್ಲ.

ಈಗ ಅಪಾಯದ ಮಟ್ಟ 3 ಇದೆ. ಜನ ಜಾಸ್ತಿ ಸಾಯುವುದು 3 ಇರುವ ದಿನಗಳಲ್ಲೇ, 5ರ ದಿನ ಯಾರೂ ಗುಡ್ಡಕ್ಕೆ ಹೋಗುವುದಿಲ್ಲವಲ್ಲ. ಇದೊಂದು ಸಾಲು ಅಪ್ಪನಿಗೆ ಓದಬೇಡ. ನಾನು ರೂಮು, ಕೆಲಸ, ಬಸ್ಸು, ಅಷ್ಟೇ. ನಿಜವಾಗಿಯೂ ಅಷ್ಟೇ. ನಿನ್ನಾಣೆ.

ಅಪ್ಪ ಮಾತ್ರೆ ಬಿಡದಂತೆ ನೋಡಿಕೋ. ಉಪ್ಪಿನಕಾಯಿ ಕಡಿಮೆ. ಈ ವಾರವೇ ಮಡಿಕೇರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು, ಕೊಯ್ಲು ಮುಗಿಯಲಿ ಅಂದರೆ ಕೇಳಬೇಡ. ದುಡ್ಡು ಕಳಿಸುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಡ್ಯೂಟಿಗೆ ಹೊತ್ತಾಯಿತು.

ನಿನ್ನ,
ಪುಟ್ಟ